ತಪಸ್ಸುಕಾಲದ ಅಲ್ಲೆಲೂಯ

ಅಮ್ಮ ತನ್ನ ಜೀವಮಾನದಲ್ಲಿ ಕಟ್ಟಿದ್ದು ಒಂದೇ ಹಾಡು, ಅದೂ ದೇವರ ಸ್ತುತಿ. ಅದರ ಕಾಲವನ್ನು ನಾನು ನೆನಪಿನಿಂದ ಅಲ್ಲ, ನಲ್ಲಿಯಿಂದ ನಿರ್ಧರಿಸಿದ್ದೇನೆ. ಕೃಷ್ಣಮೂರ್ತಿಪುರಂನ ನಮ್ಮ ಮನೆಯ ಹಿತ್ತಲಿಗೆ ನಲ್ಲಿ ಬಂದ ವಾರವೇ ಚರ್ಚಿನಲ್ಲಿ ನನಗೆ ದೃಢೀಕರಣ ಸಂಸ್ಕಾರವಾಯಿತು. ತಾರೀಕು ಬರೆದ ಅದರ ಪ್ರಮಾಣಪತ್ರ ಈಗಲೂ ನನ್ನಲ್ಲಿದೆ. ಬೆಳಗಿನ ನಲ್ಲಿನೀರು, ಕೊಡದ ತಂಪು, ಬೆಟ್ಟದ ಮೇಲಿನ ಎಳೆಬಿಸಿಲು, ಇವುಗಳಿಗಾಗಿ ದೇವರನ್ನು ಕೊಂಡಾಡುವ ನಾಲ್ಕು ನುಡಿಗಳು. ಪ್ರತಿ ನುಡಿಯ ಕೊನೆಗೂ ಅಲ್ಲೆಲೂಯ. ಅದನ್ನು ಅಮ್ಮ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದಳು.

ಚರ್ಚಿನಲ್ಲಿ ಆಗ ಪೂಜೆಯೆಲ್ಲ ಲತೀನ್ ಭಾಷೆಯಲ್ಲಿ. ಅಮ್ಮನ ಕನ್ನಡಕ್ಕೆ ಹಿತ್ತಲೇ ಗುಡಿಯಾಗಿತ್ತು. ತಪಸ್ಸುಕಾಲ ಬಂದರೆ ಹಾಡು ನಿಲ್ಲುತ್ತಿತ್ತು. ಅದು ಉಪವಾಸದ ಕಾಲ; ವಿಭೂತಿ ಬುಧವಾರದಿಂದ ಪಾಸ್ಕದವರೆಗೆ, ಅಂದರೆ ಈಸ್ಟರ್ ಹಬ್ಬದವರೆಗೆ, ನಮ್ಮವರು ಹರ್ಷದ ಮಾತಾದ ಅಲ್ಲೆಲೂಯ ಎನ್ನುವುದಿಲ್ಲ. ಮರೆತು ಗುನುಗಿದರೆ ಅಮ್ಮ ನಾಲಿಗೆ ಕಚ್ಚಿಕೊಂಡು ಕೆನ್ನೆ ತಟ್ಟಿಕೊಳ್ಳುತ್ತಿದ್ದಳು.

ಅರವತ್ತರ ದಶಕದ ನಡುವೆ ಪೂಜೆಗೆ ಕನ್ನಡ ಬಂದಿತು. ಆಗ ನಾನು ಇತಿಹಾಸದ ಎಂ.ಎ. ವಿದ್ಯಾರ್ಥಿನಿ. ಗಾನವೃಂದದ ಮುಖ್ಯಸ್ಥರು ಹೊಸ ಹಾಡುಗಳಿಗಾಗಿ ಹುಡುಕುತ್ತಿದ್ದರು. ಅವರು ನನ್ನ ಜ್ಞಾನಪಿತರು. ದೀಕ್ಷಾಸ್ನಾನದ ದಿನ ನನ್ನ ಪರವಾಗಿ ದೇವರಿಗೆ ಮಾತು ಕೊಟ್ಟವರು.

"ನಿಮ್ಮಮ್ಮನ ಹಾಡಿನ ಪುಸ್ತಕ ಒಂದಿನ ಕೊಡು ಮಗಳೇ. ನೋಡಿ ಕೊಟ್ಬುಡ್ತೀನಿ."

ಅಮ್ಮನನ್ನು ಕೇಳದೆ ಕೊಟ್ಟೆ. ಪಾಸ್ಕದ ದಿನ ಚರ್ಚಿನಲ್ಲೇ ತನ್ನ ಹಾಡು ಕೇಳಿ ಅವಳು ಬೆರಗಾಗಲಿ ಎಂಬುದು ನನ್ನ ಆಸೆ.

ಪಾಸ್ಕದ ಬೆಳಿಗ್ಗೆ ಗೀತೆಗಳ ಕಿರುಹೊತ್ತಗೆ ಹಂಚಿದರು. ಅಮ್ಮನ ಹಾಡಿನ ಕೆಳಗೆ ಜ್ಞಾನಪಿತರ ಹೆಸರಿತ್ತು. ವಿಭೂತಿ ಬುಧವಾರದ ಪೂಜೆ ಮುಗಿಸಿ ಬರುವಾಗ ತಮಗೆ ಹೊಳೆದ ಗೀತೆ ಎಂಬ ಟಿಪ್ಪಣಿಯೂ ಇತ್ತು. ನಲ್ಲಿನೀರು ಜೀವನದಿಯಾಗಿತ್ತು. ಎಲ್ಲರೂ ಎದ್ದು ಹಾಡಿದರು. ಅಮ್ಮ ಮೊದಲ ಸಾಲಿಗೆ ತಲೆಯೆತ್ತಿದಳು. ನದಿಯ ಸಾಲು ಬಂದಾಗ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಜ್ಞಾನಪಿತರನ್ನು ತಡೆದೆ.

"ವಿಭೂತಿ ಬುಧವಾರ ಅಲ್ಲೆಲೂಯ ಹೊಳೀತೇ ನಿಮಗೆ?"

ಅವರು ನಕ್ಕರು. "ಇತಿಹಾಸ ಓದೋರು ದೇವರ ಹತ್ರಾನೂ ತಾರೀಕು ಕೇಳ್ತಾರೆ. ಸ್ತುತಿಗೆ ಯಾರ ಹೆಸರಾದ್ರೇನು ಕಣಮ್ಮ?"

"ಹಂಗಾದ್ರೆ ನಿಮ್ಮದ್ಯಾಕೆ?"

"ಪ್ರೆಸ್‌ನೋರು ಒಂದು ಹೆಸರು ಕೇಳಿದ್ರು."

"ಪುಸ್ತಕ?"

"ಎಲ್ಲೋ ಇಟ್ಬುಟ್ಟಿದೀನಿ. ಹುಡುಕ್ತೀನಿ."

ಅದು ಮರಳಿ ಬರಲಿಲ್ಲ. ಚರ್ಚಿನ ಪಾದ್ರಿ ಸ್ವಾಮಿಗಳ ಬಳಿ ದೂರು ಕೊಡುತ್ತೇನೆ ಎಂದಾಗ ಅಮ್ಮ ಅಕ್ಕಿ ಆರಿಸುತ್ತಿದ್ದಳು.

"ಬುಡು. ಪುಸ್ತಕ ಎಲ್ಲಿ ಅಂತಾರೆ. ಏನ್ ತೋರಿಸ್ತೀಯ? ಅವರೇನೋ ತಗೊಂಡ್ರು. ಎತ್ಕೊಟ್ಟೋಳು ಯಾರು?"

ನಾನು ಮೊರದ ಪಕ್ಕ ಕೂತು ಕಲ್ಲು ಹೆಕ್ಕತೊಡಗಿದೆ.

ಮಾರನೆಯ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು. ಪಾಸ್ಕ ಕಳೆದಿದ್ದರೂ ಅಮ್ಮ ಹಾಡಲಿಲ್ಲ, ಆಮೇಲೂ ಹಾಡಲಿಲ್ಲ. ಜಪಸರವನ್ನು ಮಾತ್ರ ಬಿಡಲಿಲ್ಲ.

ಆ ಕಿರುಹೊತ್ತಗೆಯಲ್ಲಿ ಜೀವನದಿ ಎಂಬುದನ್ನು ಹೊಡೆದುಹಾಕಿ ಪೆನ್ಸಿಲಿನಿಂದ ನಲ್ಲಿನೀರು ಎಂದು ತಿದ್ದಿದ್ದೇನೆ. ಮೂರನೆಯ ನುಡಿಯಲ್ಲೂ ಏನೋ ಬದಲಾಗಿದೆ. ಮೂಲ ನನಗೆ ನೆನಪಿಲ್ಲ. ಒಮ್ಮೆ ಪೆನ್ಸಿಲ್ ಹಿಡಿದು ಅಮ್ಮನನ್ನು ಕೇಳಿದೆ.

"ಮರ್ತೋಯ್ತು ಕಣೇ" ಎಂದು ಅವಳು ತುಂಬಿದ ಕೊಡವನ್ನು ಸೊಂಟಕ್ಕೇರಿಸಿದಳು.