ಡಿಮಾಲಿಷ್ ಹೇಳಿಕೊಟ್ಟ ಮಿಸ್

ಮೊನ್ನೆ ಎದುರುಮನೆಯ ಹಳೇ ಕಾಂಪೌಂಡ್ ಕೆಡವಲು ಜೆಸಿಬಿ ಬಂತು. ಧೂಳು ಅಡಗಲೆಂದು ಯಾರೋ ನೀರು ಚಿಮುಕಿಸಿದರು. ಹಳೆಯ ಇಟ್ಟಿಗೆ, ಮಣ್ಣುಗಾರೆ ನೆಂದ ವಾಸನೆ ಅಡುಗೆಮನೆಯವರೆಗೂ ಬಂದಾಗ, ಒಗ್ಗರಣೆಯ ಎಣ್ಣೆ ಕಾದದ್ದೂ ತಿಳಿಯದೆ ನಿಂತುಬಿಟ್ಟೆ. ನಮ್ಮ ಮಿಸ್ ಮನೆಯ ಮುಂದಿನ ಕೋಣೆಯ ವಾಸನೆ ಅದು...

ಎಪ್ಪತ್ತರ ದಶಕದ ಕೊನೆ, ಮಾಲೂರು. ಕಾನ್ವೆಂಟಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದ್ದ ಮಿಸ್, ನಿವೃತ್ತರಾದ ಮೇಲೆ ತಮ್ಮ ಹೆಂಚಿನ ಮನೆಯಲ್ಲಿ ಒಬ್ಬರೇ ಇದ್ದರು. ಮನೆಯವರು ಎಸ್ಸೆಸ್ಸೆಲ್ಸಿಗೇ ಓದು ಬಿಡಿಸಿದ್ದ ನನ್ನಂಥ ಹುಡುಗಿಯರನ್ನು ಆ ಕೋಣೆಯಲ್ಲಿ ಕೂರಿಸಿಕೊಂಡು ಪಿಯುಸಿ ಪರೀಕ್ಷೆಗೆ ಸಿದ್ಧಪಡಿಸುತ್ತಿದ್ದರು. ಅಪ್ಪ ಒಪ್ಪಿದ್ದು ಒಂದೇ ಕಾರಣಕ್ಕೆ: ಪಾಠ ನಾಲ್ಕು ಗೋಡೆಗಳೊಳಗೆ, ಬೀದಿಯ ಕಣ್ಣಿಗೆ ಬೀಳದಂತೆ ನಡೆಯುತ್ತಿತ್ತು.

ಅಷ್ಟರಲ್ಲಿ ರಸ್ತೆ ಅಗಲ ಮಾಡುವ ಕೆಲಸ ಶುರುವಾಯಿತು. ಓವರ್ಸಿಯರ್ ಬಂದು ಕೋಣೆಯ ಗೋಡೆಗೆ ಕೆಂಪು ಗೆರೆ ಎಳೆಸಿ, “ಇಷ್ಟೂ ಡಿಮಾಲಿಷ್ ಆಗ್ತದೆ ಮೇಡಂ, ಸೋಮವಾರ” ಎಂದು ಹೊರಟುಹೋದ.

ಅಂದಿನ ಪಾಠ ಅದೇ ಪದ. “ಇದರ ಹೊಟ್ಟೆಯೊಳಗೆ ಒಂದು ಲ್ಯಾಟಿನ್ ಮಾತಿದೆ ಕಣ್ರೇ. ಮೈಮುರಿದು ದುಡಿದು ಏನನ್ನಾದ್ರೂ ಎಬ್ಬಿಸಿ ನಿಲ್ಲಿಸೋದು ಅಂತ ಅದರರ್ಥ. ಅದಕ್ಕೆ ಮುಂದೆ ‘ಡಿ’ ಸೇರಿದ್ರೆ ಆ ಕೆಲಸಾನ ಬಿಚ್ಚೋದು. ಡೆಸ್ಟ್ರಾಯ್ ಅನ್ನೋದೂ ಇದರ ತಂಗಿನೇ. ಅದರೊಳಗೆ ಒಂದರ ಮೇಲೊಂದು ಪೇರಿಸೋ ಮಾತಿದೆ. ಯಾರೂ ಏನೂ ಕಟ್ಟದೇ ಇದ್ದಿದ್ರೆ ಈ ಪದಗಳೇ ಹುಟ್ತಿರಲಿಲ್ಲ.”

“ನಮ್ಮಣ್ಣ ಮುದ್ದೆ ಖಾಲಿ ಮಾಡೋದಕ್ಕೂ ಡಿಮಾಲಿಷ್ ಅನ್ಬೋದಾ ಮಿಸ್?” ಎಂದಳು ನನ್ನ ಪಕ್ಕದವಳು.

“ಧಾರಾಳವಾಗಿ. ಮುದ್ದೆ ತಿರುವಿದೋಳು ನೀನು ಅನ್ನೋದನ್ನೂ ಅವನಿಗೆ ಹೇಳು.”

ನಗು ನಿಂತ ಮೇಲೆ ಮಿಸ್ ಎದ್ದು ಸೆರಗು ಸಿಕ್ಕಿಸಿಕೊಂಡರು. “ಬಿಚ್ಚೋದಾದ್ರೆ ನಾವೇ ಬಿಚ್ಚೋಣ.”

ಅವರು ಇಟ್ಟಿಗೆ ಸುಡುವವರ ಮನೆಯ ಮಗಳು. ಸುಟ್ಟ ಇಟ್ಟಿಗೆಯ ಗೂಡನ್ನು ಬುಡದಿಂದ ತಳ್ಳಿ ಬೀಳಿಸುವುದಿಲ್ಲ. ಮೇಲಿನ ಸಾಲಿನಿಂದ ಒಂದೊಂದೇ ಇಳಿಸಿ, ಒಂದಕ್ಕೊಂದು ತಟ್ಟಿ, ಠಣ್ ಎಂದ ಗಟ್ಟಿ ಇಟ್ಟಿಗೆಯನ್ನು ಬೇರೆ ಪೇರಿಸುತ್ತಾರೆ. ಹೆಂಚು, ತೊಲೆಗಳನ್ನು ಅವರ ಕಡೆಯ ಗಾರೆಯವರು ಇಳಿಸಿಕೊಟ್ಟರು. ಗೋಡೆಯನ್ನು ನಾವು ಹುಡುಗಿಯರು ಹಾಗೇ ಇಳಿಸಿದೆವು. ಮಣ್ಣುಗಾರೆ ಕೆರೆದು ಉಗುರುಗಳೆಲ್ಲ ಕೆಂಪು.

ಸೋಮವಾರ ಹಾರೆ ಪಿಕಾಸಿ ಹಿಡಿದವರು ಬಂದಾಗ ಗೋಡೆ ಸೊಂಟದೆತ್ತರವಿತ್ತು. “ಏಮಮ್ಮಾ ಟೀಚರಮ್ಮಾ!” ಎಂದು ನಕ್ಕ ಮೇಸ್ತ್ರಿ. “ಅರ್ಧ ದಿನದ ಕೆಲಸಕ್ಕೆ ಇಷ್ಟೊಂದು ಹೆಣ್ಮಕ್ಕಳಾ?”

“ಬೀಳಿಸೋಕೆ ಅರ್ಧ ದಿನ ಸಾಕಪ್ಪ. ನಮ್ಮಪ್ಪ ಅರ್ಧ ದಿನದಲ್ಲಿ ಕಟ್ಟಿರಲಿಲ್ಲ. ನೆರಳಿಗೆ ಕೂತ್ಕೋ, ಮುಗಿಸಿ ಕರೀತೀನಿ.”

ಅವನು ಕೂತ. ಸಂಜೆಯವರೆಗೂ ಕೂತ!

ಅಂದು ಮನೆಗೆ ಹೋದರೆ ಅಪ್ಪ, “ಕೋಣೆನೇ ಇಲ್ವಲ್ಲೇ. ಬೀದೀಲಿ ಕೂತು ಓದ್ತೀಯಾ? ಓದಿದ್ದು ಸಾಕು” ಎಂದರು.

“ಬೀದೀಲೇ ಓದ್ತೀನಪ್ಪ.”

ಅಪ್ಪನಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು. ಅವ್ವ ಒಲೆ ಊದುವುದನ್ನು ನಿಲ್ಲಿಸಿದಳು. ಅಪ್ಪ ಎದ್ದು ಹೊರಗೆ ಹೋದರು. ಮಾರನೇ ದಿನ ಪಾಠಕ್ಕೆ ಹೋದೆ, ಅಪ್ಪ ತಡೆಯಲಿಲ್ಲ. ಹಿತ್ತಲಲ್ಲಿ ಅದೇ ಇಟ್ಟಿಗೆಗಳಿಂದ ಹೊಸ ಕೋಣೆ ಏಳುತ್ತಿದ್ದಾಗ ಅದರ ಪಕ್ಕದಲ್ಲೇ ಬಯಲಲ್ಲಿ ಪಾಠ ನಡೆಯಿತು. ಬೇಲಿಯಾಚೆಯಿಂದ ದಾರಿಹೋಕರು ಶಿಳ್ಳೆ ಹಾಕಿದರೆ ಮಿಸ್ ಇನ್ನಷ್ಟು ಗಟ್ಟಿಯಾಗಿ ಓದಿಸುತ್ತಿದ್ದರು. ನಾನು ಪಾಸಾದೆ. ಆಮೇಲೆ ಮದುವೆ, ಮಕ್ಕಳು...

ಮಿಸ್ ತೀರಿಹೋದದ್ದು ನನಗೆ ತಡವಾಗಿ ತಿಳಿಯಿತು. ಅವರ ಮನೆ ಕೊಂಡವರು ಆ ಹಿತ್ತಲ ಕೋಣೆಯನ್ನು ಒಂದು ಬೆಳಗಿನಲ್ಲಿ ನೆಲಸಮ ಮಾಡಿಸಿದರಂತೆ. ಒಂದು ಇಟ್ಟಿಗೆಯನ್ನೂ ಯಾರೂ ತಟ್ಟಿ ನೋಡಲಿಲ್ಲವಂತೆ. “ಹಳೇದು ಹೋಗ್ಲೇಬೇಕಲ್ಲ” ಎನ್ನುತ್ತಾರೆ ನಮ್ಮ ಯಜಮಾನರು. ಅವರು ಹೇಳಿದ್ದಕ್ಕೆಲ್ಲ ಹೂಂ ಎಂದು ತಲೆಯಾಡಿಸುವ ನಾನು, ಆ ಮಾತಿಗೆ ಮಾತ್ರ ಇಂದಿಗೂ ತಲೆಯಾಡಿಸಿಲ್ಲ.