ಅಪ್ಪನ ನಾಯಿಯೂ ಮಾವನವರ ಹಂಡೆಯೂ

ಅಪ್ಪ ತೀರಿಕೊಂಡ ಮೇಲೆ ಕಂದಿಕೆರೆಯ ತೋಟವನ್ನು ಅಣ್ಣ ಗುತ್ತಿಗೆಗೆ ಕೊಟ್ಟ. ಗುತ್ತಿಗೆ ಹಿಡಿದವನು ಮರ, ಪಂಪು, ಷೆಡ್ಡು ಎಲ್ಲವನ್ನೂ ಒಪ್ಪಿಕೊಂಡು ನಾಯಿ ಮಾತ್ರ ಬೇಡವೆಂದ. ಅತ್ತಿಗೆಗೂ ನಾಯಿ ಕಂಡರಾಗದು. ಹೀಗೆ ಅಪ್ಪನ ಆಸ್ತಿಯಲ್ಲಿ ನನ್ನ ಪಾಲಿಗೆ ಬಂದದ್ದು ಬಲಿತ ಒಂದು ಕಂದು ನಾಯಿ. ತಿಪಟೂರಿನ ಗಂಡನ ಮನೆಗೆ ಕರೆತಂದೆ.

ತೋಟದಲ್ಲಿ ಬೆಳೆದ ನಾಯಿಗೆ ನೆಟ್ಟಗೆ ನಿಂತಿದ್ದೆಲ್ಲ ತೆಂಗಿನಮರವೇ. ಬಂದ ದಿನವೇ ನಡುಮನೆಯ ಕಂಬಕ್ಕೆ ಕಾಲೆತ್ತಿತು, ಮರುದಿನ ಫ್ರಿಜ್ಜಿಗೆ, ಆಮೇಲೆ ಅಟ್ಟದ ಏಣಿಗೆ. ಅಟ್ಟದ ತುಂಬ ಕೊಬ್ಬರಿಯಾಗಲೆಂದು ಬಿಟ್ಟ ಕಾಯಿ. ಅದರ ಹತ್ತಿರ ತೇವ ಸುಳಿದರೂ ನಮ್ಮ ಮನೆಯವರಿಗೆ ಜ್ವರ ಬರುತ್ತದೆ.

"ನಿಮ್ಮಪ್ಪ ಏನೂ ಕಲಿಸ್ನೇ ಇಲ್ವಾ?" ಎಂದರು ಮಾವ. ಸಾರಿಗೆ ಉಪ್ಪು ಹೆಚ್ಚಾದಾಗಲೆಲ್ಲ ಮದುವೆಯಾದಾಗಿನಿಂದ ನನಗೆ ಬರುತ್ತಿದ್ದ ಪ್ರಶ್ನೆ ಅದು. ಈಗ ನಾಯಿಗೂ ಬಂತು.

ನನ್ನ ಯಜಮಾನರು ಸೋಫಾದಿಂದ ಏಳದೆ ಮೊಬೈಲಿನಲ್ಲಿ ವಿಡಿಯೋ ನೋಡಿ ನನಗೆ ಪಾಠ ಹೇಳಿದರು. ಎದ್ದ ಕೂಡಲೆ, ಉಂಡ ಕೂಡಲೆ ಹೊರಗೆ ಕರೆದೊಯ್ಯಬೇಕಂತೆ. ಒಂದೇ ಜಾಗ ತೋರಿಸಬೇಕಂತೆ. ಕೆಲಸ ಮುಗಿಸಿದರೆ ತಿನ್ನಲು ಕೊಟ್ಟು ಹೊಗಳಬೇಕು, ಬೈಯಲೇಬಾರದು. ಬೈಗುಳ ತಿನ್ನದೆ ಏನಾದರೂ ಕಲಿಯುವ ಭಾಗ್ಯ ಈ ಮನೆಯಲ್ಲಿ ನಾಯಿಗಾದರೂ ಬಂತಲ್ಲ ಎಂದುಕೊಂಡೆ. ಹಿತ್ತಿಲಲ್ಲಿ ಕಾಯಿ ಸುಲಿದ ಮಟ್ಟೆಯ ರಾಶಿ ಇತ್ತು. ತೋಟದ ವಾಸನೆ ಹಿಡಿದು ನಾಯಿ ತಾನಾಗಿಯೇ ಅಲ್ಲಿಗೆ ಹೋಯಿತು. ನಾನು ಕೊಬ್ಬರಿ ಚೂರು ಕೊಟ್ಟು, "ಜಾಣ ಕಣೋ ನೀನು" ಎಂದೆ. ಸ್ವಲ್ಪ ದಿನದಲ್ಲೇ ಮನೆಯೊಳಗೆ ಒಂದು ಹನಿ ಬೀಳುವುದೂ ನಿಂತಿತು. ಯಜಮಾನರು ತಾವೇ ಕಲಿಸಿದಂತೆ ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದರು.

ನಾನು ಮರೆತದ್ದು ಒಂದೇ. ನಮ್ಮ ಬಚ್ಚಲ ಹಂಡೆ ಕಾಯುವುದು ಅದೇ ಮಟ್ಟೆಯ ಉರಿಯಲ್ಲಿ. ತಾರಸಿಯ ಮೇಲೆ ಸೋಲಾರ್ ಇದೆ, ಆದರೆ ಅದರ ನೀರು ಮೈಗೆ ಹತ್ತುವುದಿಲ್ಲವೆಂದು ಮಾವನವರಿಗೆ ಹಂಡೆ ನೀರೇ ಆಗಬೇಕು. ಒಂದು ಬೆಳಿಗ್ಗೆ ಹೊಗೆ ಬಚ್ಚಲು ತುಂಬಿತು. ಸ್ನಾನ ಮುಗಿಸಿ ವಿಭೂತಿ ಧರಿಸಿ ಪೂಜೆಗೆ ಕೂತ ಮಾವ ಮೂಗು ಮುಚ್ಚಿಕೊಂಡು ಎದ್ದು ಬಂದರು.

"ಲಿಂಗ ಕೈಯಲ್ಲಿ ಹಿಡ್ಕಂಡ್ರೆ ನಾಯಿ ಉಚ್ಚೆ ವಾಸ್ನೆ ಕಣಮ್ಮ. ಭಾನುವಾರ ಗೂಡ್ಸ್ ಆಟೋ ಕರೆಸ್ತೀನಿ, ಬೋರನಕಣಿವೆ ಹತ್ರ ಬುಟ್ಟು ಬರ್ಲಿ."

ಗುರುತಿಲ್ಲದ ಊರಿನಲ್ಲಿ ಬಿಟ್ಟರೆ ಅಲ್ಲಿಯ ನಾಯಿಗಳು ಇದನ್ನು ಹರಿದುಹಾಕುತ್ತವೆ. ಭಾನುವಾರದವರೆಗೆ ನೋಡೋಣವೆಂದು ಕೈಮುಗಿದೆ. ಒದ್ದೆ ಮಟ್ಟೆಯನ್ನೆಲ್ಲ ತೆಗೆದುಹಾಕಿ ಒಣಗಿದ್ದು ತರಿಸಿದೆ. ನಾಯಿಯನ್ನು ಮುಂಬಾಗಿಲಲ್ಲೇ ಸರಪಳಿಯಲ್ಲಿ ಕಟ್ಟಿ, ಹೊತ್ತು ಹೊತ್ತಿಗೆ ಎದುರಿನ ಖಾಲಿ ಸೈಟಿಗೆ ಕರೆದೊಯ್ದೆ. ಅದು ಅದನ್ನೂ ಕಲಿತುಬಿಟ್ಟಿತು. ಆದರೆ ಬಚ್ಚಲ ವಾಸನೆ ಹೋಗಲಿಲ್ಲ.

"ಅದು ಹಿತ್ಲಿಗೆ ಕಾಲೇ ಇಟ್ಟಿಲ್ಲ ಮಾವ."

"ಹಂಗಾರೆ ಇನ್ಯಾರಮ್ಮ ಅಲ್ಲಿ ಹೋಗಿ ಉಯ್ಯೋರು?"

ಶನಿವಾರ ಬೆಳಿಗ್ಗೆ ಎಂದಿಗಿಂತ ಬೇಗ ಮಟ್ಟೆ ತರಲು ಹಿತ್ತಿಲ ಬಾಗಿಲು ತೆರೆದೆ. ಮಾವನವರು ಪಂಚೆ ಎತ್ತಿಕೊಂಡು, ನನಗೆ ಬೆನ್ನು ಹಾಕಿ, ಆಕಾಶ ನೋಡುತ್ತ ರಾಶಿಯ ಮುಂದೆ ನಿಂತಿದ್ದರು. ಒಳಗೆ ಟೈಲ್ಸ್ ಹಾಕಿಸಿದ ಕಕ್ಕಸು ಎರಡೆರಡಿವೆ. ಸದ್ದು ಮಾಡದೆ ಬಾಗಿಲು ಮುಚ್ಚಿ ಯಜಮಾನರಿಗೆ ಹೇಳಿದರೆ, ಅವರಿಗೆ ಅದೇನೂ ದೊಡ್ಡದು ಅನ್ನಿಸಲೇ ಇಲ್ಲ.

"ಅಪ್ಪ ಒಬ್ರೇ ಅಲ್ಲ, ನಾನೂ ಅಲ್ಲೇ ಹೋಗದು ಕಣೇ. ನಮ್ ಹಿತ್ಲಲ್ವಾ?"

ಅಂದರೆ ಆ ವಾಸನೆ ವರ್ಷಗಳಿಂದ ಆ ಹೊಗೆಯಲ್ಲೇ ಇತ್ತು. ನಾಯಿ ಬಂದ ಮೇಲೆ ಮಾವನವರ ಮೂಗು ಚುರುಕಾಗಿತ್ತು, ಅಷ್ಟೆ. ಸೊಸೆಯಾದವಳು ಅದನ್ನು ಮಾವನ ಮುಂದೆ ಯಾವ ಬಾಯಲ್ಲಿ ಹೇಳಲಿ? ಅಡುಗೆಮನೆಗೆ ಹೋಗಿ ಅತ್ತೆಗೆ ಹೇಳಿದೆ. ಅವರು ಮುದ್ದೆ ತೊಳಸುತ್ತಲೇ ಕೇಳಿಸಿಕೊಂಡರು.

ಭಾನುವಾರ ಆಟೋ ಬಂತು. ಮಾವನವರೇ ಸರಪಳಿ ಬಿಚ್ಚಿದರು. ತೋಟಕ್ಕೆ ಹೊರಟೆವೆಂದುಕೊಂಡಿತೋ ಏನೋ, ನಾಯಿ ಬಾಲ ಆಡಿಸುತ್ತ ತಾನೇ ಹಾರಿ ಹತ್ತಿತು. ಅಷ್ಟರಲ್ಲಿ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

"ನಾಯಿ ಇಳಿಸ್ರೀ. ಅದು ಕಲ್ತೈತೆ. ಈ ಮನೇಲಿ ಇನ್ನೂ ಕಲೀದೇ ಇರೋರು ಯಾರೋ, ಅವ್ರು ಹತ್ಕಳ್ಳಿ."

ಆಟೋದವನು ಮಾವನವರ ಮುಖ ನೋಡಿದ. ಮಾವನವರು ಪಂಚೆಯ ಅಂಚು ಸರಿಮಾಡಿಕೊಂಡು ಒಳಗೆ ನಡೆದರು. ಯಜಮಾನರು ಆಗಲೇ ಮಾಯವಾಗಿದ್ದರು. ನಾನು ನಾಯಿಯನ್ನು ಇಳಿಸಿಕೊಂಡೆ. ನಾನು ಬಂದ ಮೇಲೆ ಆ ಮನೆಯಲ್ಲಿ ನನ್ನ ತವರಿನ ಪರವಾಗಿ ಒಬ್ಬರು ಬಾಯಿ ತೆರೆದದ್ದು ಅದೇ ಮೊದಲು. ಅದೂ ನನಗಾಗಿ ಅಲ್ಲ, ನಾಯಿಗಾಗಿ. ಆದರೂ ಗೇಟಿನ ಹತ್ತಿರ ನಿಂತು ಅತ್ತುಬಿಟ್ಟೆ.