ಬೀಗ ಹಾಕಿದ ಮಿಲ್ಲಿಗೆ ದಿನಕ್ಕೆ ನಾನೂರು ಜನ

ಆಸ್ಪತ್ರೆಯ ಗೇಟಿನೆದುರು ನನ್ನ ಅಂಗಡಿ. ಫ್ಲಾಸ್ಕು, ಬಕೆಟ್ಟು, ಟವೆಲ್ಲು, ಚಾಪೆ. ಗಾಬರಿಯಲ್ಲಿ ಮನೆ ಬಿಟ್ಟವರು ಮರೆತು ಬಂದದ್ದೆಲ್ಲ ಇಲ್ಲಿ ಸಿಗುತ್ತದೆ. ಅವರನ್ನು ತಂದಿಳಿಸುವುದು ಹದಿನಾಲ್ಕನೇ ನಂಬರಿನ ಬಸ್ಸು. ಹಾಗಾಗಿ ಆ ಬಸ್ಸಿನ ಕಂಡಕ್ಟರಮ್ಮನನ್ನು ನಾನು ಹೊಗಳಿದರೆ ಅದರಲ್ಲಿ ನನ್ನ ಲಾಭವೂ ಸೇರಿದೆ. ಲಾಭವನ್ನು ಕಳೆದು ನೋಡಿದರೂ ಹೊಗಳಿಕೆ ಉಳಿಯುತ್ತದೆ ಎಂಬುದೇ ನನಗೂ ಆಶ್ಚರ್ಯ.

ಎಲ್ಲರಿಗೂ ಆಕೆ ಸಿಳ್ಳೆ ಅಕ್ಕ. ಮೂವತ್ತು ವರ್ಷದ ಹಿಂದೆ ಕೆಲಸಕ್ಕೆ ಸೇರಿದಾಗ ಹೆಗಲಲ್ಲಿ ಚರ್ಮದ ಚೀಲ, ಕೈಯಲ್ಲಿ ಬಣ್ಣಬಣ್ಣದ ಟಿಕೆಟ್ ಕಟ್ಟು, ಬಾಯಲ್ಲಿ ಸಿಳ್ಳೆ. ಆಗಿನ ಬಸ್ಸುಗಳಿಗೆ ಬಾಗಿಲೇ ಇರುತ್ತಿರಲಿಲ್ಲ. ಇದ್ದ ಬಾಗಿಲಿಗೆ ಮುಚ್ಚಿಕೊಳ್ಳುವ ಅಭ್ಯಾಸ ಇರಲಿಲ್ಲ. ದಾರಿಯ ಕೊನೆಯಲ್ಲಿ ಬಟ್ಟೆ ಮಿಲ್ಲು. ಮೂರು ಪಾಳಿಯ ಜನ ಮೆಟ್ಟಿಲಿಗೆ, ಕಿಟಕಿಗೆ, ಹಿಂದಿನ ಏಣಿಗೆ ಜೋತು ಬೀಳುತ್ತಿದ್ದರು. ಮೊದಲ ದಿನವೇ ಒಬ್ಬ ಕೆಣಕಿದ.

"ಏನಮ್ಮಾ, ಟಿಕೆಟ್ ಕೊಡೋಕ್ ಬಂದ್ಯಾ, ಊಟ ಬಡಿಸೋಕ್ ಬಂದ್ಯಾ?"

"ಟಿಕೆಟ್ ತಗೊಳ್ದೇ ಇರೋರಿಗೆ ಎರಡೂ ಇಲ್ಲ. ಇಳಿಯಣ್ಣ."

ಸಿಳ್ಳೆ ಊದಿದಳು. ಬಸ್ಸು ಸೇತುವೆಯ ನಟ್ಟನಡುವೆ ನಿಂತಿತು. ಪಾಳಿಗೆ ಹೊತ್ತಾಗುತ್ತಿದ್ದ ಅರವತ್ತು ಜನ ಸೇರಿ ಅವನ ಕೈಯಲ್ಲಿ ಟಿಕೆಟ್ ಕೊಳ್ಳಿಸಿದರು. ಹೆಸರು ಬಂದದ್ದು ಅಂದೇ.

ಈಗ ಬಾಗಿಲು ತಾನೇ ಮುಚ್ಚುತ್ತದೆ, ನೆತ್ತಿಯ ಮೇಲೆ ಮೆಟ್ರೊ ಓಡುತ್ತದೆ, ಟಿಕೆಟ್ಟನ್ನು ಅಂಗೈಯಗಲದ ಯಂತ್ರ ಉಗುಳುತ್ತದೆ. ಮುಂದಿನ ಸ್ಟಾಪಿನ ಹೆಸರನ್ನು ಕಾಣದ ಹೆಂಗಸೊಬ್ಬಳು ಹೇಳುತ್ತಾಳೆ. "ಅವಳಿಗೆ ಗಂಟಲು ಕಟ್ಟೋದೇ ಇಲ್ಲ ನೋಡಿ, ಅದೊಂದೇ ಹೊಟ್ಟೆಕಿಚ್ಚು ನಂಗೆ" ಎನ್ನುತ್ತಾಳೆ ಅಕ್ಕ.

ಆಸ್ಪತ್ರೆ ಬಂದದ್ದು ಹತ್ತೊಂಬತ್ತು ವರ್ಷದ ಹಿಂದೆ, ದೊಡ್ಡ ರಸ್ತೆಯಿಂದ ಒಳಗಿನ ಓಣಿಯಲ್ಲಿ. ಬಸ್ಸು ಮಾತ್ರ ನೆಟ್ಟಗೆ ಮಿಲ್ಲಿಗೇ ಹೋಗುತ್ತಿತ್ತು. ರೋಗಿಗಳು ಮಿಲ್ ಗೇಟಿನಲ್ಲಿಳಿದು ಮೂರು ಫರ್ಲಾಂಗು ಹಿಂದಕ್ಕೆ ನಡೆಯಬೇಕು. ಒಂದು ದಿನ ಒಬ್ಬಾತ ಕಾಲಿಗೆ ಪ್ಲಾಸ್ಟರ್ ಹಾಕಿದ್ದ ತಾಯಿಯನ್ನು ಬೆನ್ನ ಮೇಲೆ ಹೊತ್ತು ಹತ್ತಿದ. ಅಕ್ಕ ಡ್ರೈವರನ ಕಿವಿಯ ಹತ್ತಿರ ಬಗ್ಗಿ, "ಅಣ್ಣಾ, ಓಣಿಗೆ ತಿರುಗಿಸ್ತೀಯಾ?" ಎಂದಳು. ದಿನಕ್ಕೆ ನಾಲ್ಕು ಮಾತಾಡುವ ಆ ಮನುಷ್ಯನನ್ನು ಡಿಪೋದಲ್ಲಿ ಮೌನಿ ಎಂದೇ ಕರೆಯುತ್ತಾರೆ. "ಆಗ್ಲಿ" ಎಂದ. ಮರುದಿನವೂ ತಿರುಗಿಸಿದ. ಇಬ್ಬರಿಗೂ ಮೆಮೊ ಬಂತು. ಅಕ್ಕ ಬರೆದ ಉತ್ತರ ಡಿಪೋದಲ್ಲಿ ಇಂದಿಗೂ ಬಾಯಿಪಾಠ: "ತಪ್ಪಾಗಿದೆ. ನಾಳೆಯೂ ಆಗುತ್ತದೆ." ಎರಡು ವರ್ಷ ಕಳೆದ ಮೇಲೆ ಇಲಾಖೆಯೇ ಸೋತು ಸ್ಟಾಪಿನ ಬೋರ್ಡು ನೆಟ್ಟಿತು.

ಇನ್ನು ಐದು ವಾರಕ್ಕೆ ಆಕೆಯ ನಿವೃತ್ತಿ ಎನ್ನುವಾಗ ಡಿಪೋದಲ್ಲಿ ನೋಟೀಸು ಅಂಟಿತು. ಒಂದನೇ ತಾರೀಖಿನಿಂದ ಹದಿನಾಲ್ಕನೇ ನಂಬರಿನ ಬಸ್ಸು ಓಣಿಗೆ ಹೋಗುವುದಿಲ್ಲ. ಏಳು ನಿಮಿಷ ಉಳಿತಾಯ. ಕಾರಣ: ಆಸ್ಪತ್ರೆ ಸ್ಟಾಪಿನಲ್ಲಿ ಇಳಿಯುವವರು ಸೊನ್ನೆ. ಮಿಲ್ ಗೇಟಿನಲ್ಲಿ ದಿನಕ್ಕೆ ನಾನೂರ ಹನ್ನೆರಡು. ಆ ನಾನೂರು ಜನಕ್ಕಾಗಿ ಸ್ಟೀಲಿನ ತಂಗುದಾಣವೂ ಎದ್ದಿತ್ತು. ಮಿಲ್ಲಿಗೆ ಬೀಗ ಬಿದ್ದು ಹನ್ನೊಂದು ವರ್ಷ.

ಅಕ್ಕ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕುಕ್ಕರಿಸಿದಳು. ಮುಖ ಬಾಡಿತ್ತು.

"ಇದು ನನ್ನ ಕೈಯಾರೆ ಆಗಿದ್ದು ಅಣ್ಣ. ಬೋರ್ಡ್ ನೆಟ್ರು, ಸ್ಟೇಜ್ ಕೊಡ್ಲಿಲ್ಲ."

ಬಸ್ಸಿನ ದರ ಪ್ರತಿ ಸ್ಟಾಪಿಗಲ್ಲ, ಒಂದೆರಡು ಸ್ಟಾಪಿಗೊಂದು ಸ್ಟೇಜು. ನಡುವೆ ಇಳಿಯುವವರಿಗೂ ಮುಂದಿನ ಸ್ಟೇಜಿನ ಟಿಕೆಟ್ಟೇ. ಆಸ್ಪತ್ರೆಯ ಮುಂದಿನ ಸ್ಟೇಜು ಮಿಲ್ ಗೇಟು. ಕಾಗದದ ಕಾಲದಲ್ಲಿ ಹಾಗೇ ಹರಿದು ಕೊಟ್ಟಳು, ಯಂತ್ರದ ಕಾಲದಲ್ಲಿ ಅದೇ ಗುಂಡಿ ಒತ್ತಿದಳು. ಕಾಗದ ಕಸದ ಬುಟ್ಟಿಗೆ ಹೋಗುತ್ತಿತ್ತು. ಯಂತ್ರ ಎಲ್ಲವನ್ನೂ ನೆನಪಿಟ್ಟುಕೊಂಡಿತು, ತಪ್ಪುತಪ್ಪಾಗಿ.

"ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಬರೋ ಅಜ್ಜಿ ಇದಾಳಲ್ಲ, ಅವಳು ಮೂರು ಫರ್ಲಾಂಗು ನಡೀತಾಳಾ? ನಾನೇ ತಂದ ಸ್ಟಾಪನ್ನ ನಾನೇ ಅಳಿಸಿ ಮನೆಗೆ ಹೋಗ್ಬೇಕಾ?"

ಮರುದಿನ ಕಚೇರಿಗೆ ಹೋದಳು. ಮಾರ್ಗಗಳನ್ನು ನೋಡಿಕೊಳ್ಳುವ ಸಾಹೇಬರು ಎಳೆಯ ವಯಸ್ಸಿನವರು. ಮೇಜಿನ ಮೇಲೆ ಮೂರು ಪರದೆ, ಕಿಟಕಿಗೆ ದಪ್ಪ ಪರದೆ. ಸೌಜನ್ಯಕ್ಕೇನೂ ಕೊರತೆಯಿಲ್ಲ, ಕುರ್ಚಿ ಕೊಟ್ಟರು.

"ಅಮ್ಮಾ, ಬಸ್ಸು ಅಲ್ಲಿ ಪ್ರತಿ ಸಲ ಮೂರು ನಿಮಿಷ ನಿಲ್ಲುತ್ತೆ. ಜಿಪಿಎಸ್ ಹೇಳುತ್ತೆ. ಇಳಿಯೋರು ಯಾರೂ ಇಲ್ಲ. ಅಂದ್ರೆ ನೀವಿಬ್ರೂ ಟೀ ಕುಡೀತೀರಿ. ತಪ್ಪು ಅಂತ ಹೇಳ್ತಿಲ್ಲ ನಾನು."

ಅಕ್ಕನಿಗೆ ಸಿಟ್ಟಿಗಿಂತ ಮೊದಲು ನಗು ಬಂತಂತೆ. "ಸ್ಟೇಜ್ ವಿಷಯ ಹೇಳಿದ್ರೆ ನೆಪ ಅಂತೀರಿ ಸಾರ್. ನಾಳೆ ಎಂಟೂ ಹತ್ತರ ಟ್ರಿಪ್ಪಿಗೆ ಬನ್ನಿ. ಟೀ ನಂದು."

ಮನೆಯಲ್ಲಿ ಆಕೆಯ ಗಂಡ, ದರ್ಜಿ, ಎರಡು ಕೋಣೆಗಳಲ್ಲಿ ದೊಡ್ಡದನ್ನು ಹೊಲಿಗೆ ಯಂತ್ರಕ್ಕೇ ಬಿಟ್ಟುಕೊಟ್ಟಾತ, ಕತ್ತರಿ ಕೆಳಗಿಟ್ಟು ಕೇಳಿದನಂತೆ: "ಇನ್ನು ಐದು ವಾರ. ಸಾಹೇಬ್ರನ್ನ ಎದುರು ಹಾಕ್ಕೊಂಡು ಪಿಂಚಣಿ ಫೈಲು ಅವ್ರ ಮೇಜಿನ ಮೇಲೇ ಕೊಳೀಲಿ ಅಂತನಾ?"

"ಕೊಳೀಲಿ. ನಿಮ್ಮ ಮಷೀನಿದೆ, ಗುಂಡಿ ಹೊಲಿದು ಬದುಕ್ತೀನಿ."

ಮರುದಿನ ಸಾಹೇಬರು ಬಂದರು. ಪೇಟೆಯಿಂದ ಸರಕು ತರಲು ಹೋಗಿದ್ದ ನಾನೂ ಅದೇ ಬಸ್ಸಿನಲ್ಲಿದ್ದೆ. ಸರಕು ಅಂಥ ತುರ್ತಿನದೇನೂ ಆಗಿರಲಿಲ್ಲ.

"ಎಲ್ಲಿಗೆ ಸಾರ್?"

"ಆಸ್ಪತ್ರೆ. ಟೀ ಅಂಗಡಿ ನೋಡ್ಬೇಕಲ್ಲ."

ಟಿಕೆಟ್ ಕೊಟ್ಟಳು. ಅವರು ಓದದೆ ಜೇಬಿಗಿಳಿಸಿದರು. ಬಸ್ಸು ತುಂಬಿತು, ಸಾಹೇಬರ ಮಡಿಲಿಗೆ ಯಾರದೋ ಎಕ್ಸ್‌ರೇ ಲಕೋಟೆ ಬಂದು ಕೂತಿತು. ಆಸ್ಪತ್ರೆಯೆದುರು ಬಾಗಿಲು ತೆರೆದದ್ದೇ ತಡ, ಎಲ್ಲರೂ ಎದ್ದರು. ಊರುಗೋಲು ಮೊದಲು, ಬಸುರಿ ನಂತರ, ಲಕೋಟೆಯವ ಲಕೋಟೆ ಕಿತ್ತುಕೊಂಡು. ಕೊನೆಗೆ ಅಜ್ಜಿ. ಆಕೆಯ ಎರಡೂ ಕೈ ಹಿಡಿದು ಅಕ್ಕ ಹಿಮ್ಮುಖವಾಗಿ ಇಳಿದಳು. ಮೌನಿ ಬ್ರೇಕಿನ ಮೇಲೆ ಕಾಲಿಟ್ಟು ಕನ್ನಡಿಯಲ್ಲಿ ನೋಡುತ್ತಿದ್ದ. ಮೂರು ನಿಮಿಷ, ಹತ್ತು ಸೆಕೆಂಡು.

ಸಾಹೇಬರೂ ಎದ್ದರು.

"ಕೂತ್ಕೊಳ್ಳಿ ಸಾರ್. ನಿಮ್ಮ ನಾನೂರು ಜನ ಮುಂದಿನ ಸ್ಟಾಪಿನಲ್ಲಿ ಅಲ್ವಾ ಇಳಿಯೋದು?"

ಬಸ್ಸಿನಲ್ಲಿ ಉಳಿದದ್ದು ಅವರು, ನಾನು. ಮಿಲ್ ಗೇಟಿನಲ್ಲಿ ಇಳಿದೆವು. ಬೀಗದ ಮೇಲೆ ಬಳ್ಳಿ ಹಬ್ಬಿತ್ತು. ಹೊಳೆಯುವ ತಂಗುದಾಣದ ಬೆಂಚಿನ ಮೇಲೆ ಒಂದು ನಾಯಿ ಮಲಗಿತ್ತು, ಸಾಹೇಬರನ್ನು ಕಂಡು ಜಾಗ ಬಿಡುವ ಲಕ್ಷಣ ತೋರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ ಎಂದು ಸುಮ್ಮನೆ ಹೇಳುವುದಿಲ್ಲ.

"ಜೇಬಲ್ಲಿರೋ ಟಿಕೆಟ್ ಓದಿ ಸಾರ್" ಎಂದಳು ಅಕ್ಕ.

ಓದಿದರು. ಮಿಲ್ ಗೇಟ್ ಎಂದಿತ್ತು. ಎರಡನೇ ಸಲ ಓದಿದರು.

"ನಾನು ಆಸ್ಪತ್ರೆ ಅಂದೆನಲ್ಲ?"

"ಎಲ್ರೂ ಅಲ್ಲೇ ಇಳಿಯೋದು ಸಾರ್. ನಿಮ್ಮ ಯಂತ್ರದಲ್ಲಿ ಆ ಗುಂಡೀನೇ ಇಲ್ಲ."

ಮೌನಿ ಕಿಟಕಿಯಿಂದ ತಲೆ ಹಾಕಿ ಆ ದಿನದ ಮಾತನ್ನೆಲ್ಲ ಒಟ್ಟಿಗೆ ಖರ್ಚು ಮಾಡಿದ: "ಟೀ ಇಲ್ಲೂ ಸಿಗಲ್ಲ ಸಾರ್."

ಸಾಹೇಬರು ನಕ್ಕರು. ನಗಬಲ್ಲವರು ಎಂದು ಅವರ ಲೆಕ್ಕದಲ್ಲಿ ನಾನು ಒಂದು ಅಂಕ ಹೆಚ್ಚು ಹಾಕಿದೆ. ವಾರದೊಳಗೆ ಆದೇಶ ಬಂತು: "ಅಂಕಿಅಂಶಗಳ ಮರುಪರಿಶೀಲನೆಯಿಂದ ತಿಳಿದುಬಂದಂತೆ" ಹದಿನಾಲ್ಕನೇ ನಂಬರಿನ ಬಸ್ಸು ಓಣಿಯಲ್ಲೇ ಹೋಗತಕ್ಕದ್ದು, ಆಸ್ಪತ್ರೆಗೆ ಪ್ರತ್ಯೇಕ ಸ್ಟೇಜು. ಅಕ್ಕನ ಹೆಸರು ಎಲ್ಲೂ ಇರಲಿಲ್ಲ.

ಗೆದ್ದೆನೆಂದು ಕೂರುವ ಜಾತಿಯಲ್ಲ ಆಕೆ. ಯಂತ್ರಕ್ಕೆ ಗುಂಡಿ ಬಂತು, ಜನರ ನಾಲಿಗೆಗೆ ಬರಬೇಕಲ್ಲ. ಮಿಲ್ ಗೇಟು ಎಂದೇ ಕೇಳಿ ರೂಢಿಯಾದವರು ಹಾಗೇ ಕೇಳುತ್ತ ಹೋದರೆ ಆಸ್ಪತ್ರೆಯ ಲೆಕ್ಕ ಮತ್ತೆ ಸೊನ್ನೆ. ಉಳಿದ ದಿನಗಳನ್ನೆಲ್ಲ ಅದಕ್ಕೇ ಇಟ್ಟಳು. ಮೊನ್ನೆ ಅಜ್ಜಿ ಎಂದಿನಂತೆ ಕೈ ಚಾಚಿದಳು.

"ಮಿಲ್ ಗೇಟು ಒಂದು."

"ಮಿಲ್ಲಲ್ಲಿ ಏನು ಕೆಲ್ಸ ಅಜ್ಜಿ? ನೂಲು ತೆಗೀತೀಯಾ?"

"ನಾನೆಲ್ಲಿ ಇಳೀತೀನಿ ಅಂತ ನಿಂಗೊತ್ತಿಲ್ವೇನೇ?"

"ನಂಗೊತ್ತು. ಮುಂದಿನ ತಿಂಗಳು ಬರೋಳಿಗೆ ಗೊತ್ತಿರಲ್ಲ. ಬಾಯಿಬಿಟ್ಟು ಹೇಳು."

"ಬೆಳ್‌ಬೆಳಗ್ಗೆ ಆ ಹೆಸರು ಯಾಕೆ ಹೇಳಿಸ್ತೀಯೇ..."

"ಹೇಳೋವರ್ಗೂ ಟಿಕೆಟ್ ಇಲ್ಲ."

ಅಜ್ಜಿ ಗೊಣಗಿಕೊಂಡೇ, ಪಕ್ಕದವರಿಗೂ ಕೇಳಿಸದಂತೆ ಹೇಳಿದಳು.

"ಜೋರಾಗಿ" ಎಂದಳು ಅಕ್ಕ.